ಬಂಗಿಗೆ ಯಾವ ಲೇಪ ಹಿತ?

ಕೆನ್ನೆ, ಹಣೆ, ಮೂಗು ಹಾಗೂ ಮೇಲ್ದುಟಿಯ ಮೇಲ್ಭಾಗದಲ್ಲಿ ನೋವಿಲ್ಲದೆ, ತುರಿಕೆಯಿಲ್ಲದೆ ಮೂಡುವ ಕಂದು ಕಲೆಗಳೇ ಬಂಗು. ಆಯುರ್ವೇದದಲ್ಲಿ ಇದಕ್ಕೆ ‘ವ್ಯಂಗ’ವೆಂದು ಹೆಸರು. ಕೋಪ ಮತ್ತು ಆಯಾಸಗಳಿಂದ ಕೆರಳಿದ ವಾತವು ಪಿತ್ತದೊಡನೆ ಸೇರಿ ಮುಖದಲ್ಲಿ ಇದನ್ನುಂಟುಮಾಡುತ್ತದೆಂದು ಸುಶ್ರುತಾಚಾರ್ಯರು ಹೇಳಿದ್ದಾರೆ. ಆಧುನಿಕ ವೈದ್ಯರು ‘ಮೆಲಾಸ್ಮಾ’ ಎಂದು ಕರೆಯುವ ಈ ತೊಂದರೆಗೆ ಬಿಸಿಲು, ಗರ್ಭಾವಸ್ಥೆ, ಗರ್ಭನಿರೋಧಕ ಗುಳಿಗೆ ಮತ್ತು ವಂಶಗುಣ ಮುಖ್ಯ ಕಾರಣಗಳು. ಇದು ಪ್ರಾಣಾಪಾಯದ ರೋಗವಲ್ಲ. ಆದರೆ ಆತುರದ ಚಿಕಿತ್ಸೆಯಿಂದ ರೋಗಕ್ಕಿಂತ ಹೆಚ್ಚಿನ ಹಾನಿಯಾಗುವುದುಂಟು.

ಬಹುಕಾಲದಿಂದ ಬಳಕೆಯಲ್ಲಿರುವ ಲೇಪ ಹೈಡ್ರೋಕ್ವಿನೋನ್. ಶೇ. 2ರಿಂದ 4ರ ಪ್ರಮಾಣದ ಈ ಔಷಧಿ ಚರ್ಮದಲ್ಲಿ ವರ್ಣದ್ರವ್ಯ ತಯಾರಾಗುವುದನ್ನು ತಡೆಯುತ್ತದೆ. ಕೆಲವು ತಿಂಗಳ ಬಳಕೆಯಿಂದ ಗುಣ ಕಾಣುತ್ತದೆ. ವರ್ಷಗಟ್ಟಲೆ ಹಚ್ಚಿದರೆ ಕೆಲವರಲ್ಲಿ ಚರ್ಮ ನೀಲಿಗಪ್ಪಾಗಿ ಉಳಿದುಬಿಡುತ್ತದೆ.

ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೆರಾಯ್ಡ್ ಸೇರಿದ ಮುಮ್ಮಿಶ್ರಣದ ಕ್ರೀಮು ಇವೆಲ್ಲಕ್ಕಿಂತ ಶೀಘ್ರಕಾರಿ. ಅಮೆರಿಕದ ಚರ್ಮವೈದ್ಯರಾದ ಕ್ಲಿಗ್ಮನ್ ಮತ್ತು ವಿಲ್ಲಿಸ್ 1975ರಲ್ಲಿ ಪ್ರಕಟಿಸಿದ ಸೂತ್ರವೇ ಇದಕ್ಕೆ ಮೂಲ. ಸುಮಾರು ಎಂಟು ವಾರಗಳಲ್ಲಿ ಕಲೆ ತಿಳಿಯಾಗುವುದರಿಂದ ಜನ ಇದನ್ನು ಮೆಚ್ಚುತ್ತಾರೆ. ಅಪಾಯವಿರುವುದೂ ಇಲ್ಲಿಯೇ. ವೈದ್ಯರು ಎರಡು ತಿಂಗಳಿಗೆಂದು ಬರೆದ ಟ್ಯೂಬನ್ನು ಎರಡು ವರ್ಷ ಹಚ್ಚಿಕೊಂಡವರು, ನೆರೆಯವರ ಮಾತು ಕೇಳಿ ಅಂಗಡಿಯಿಂದ ನೇರವಾಗಿ ತಂದವರು ನನ್ನ ಚಿಕಿತ್ಸಾಲಯಕ್ಕೆ ಬರುತ್ತಲೇ ಇರುತ್ತಾರೆ. ಸ್ಟೆರಾಯ್ಡಿನಿಂದ ಅವರ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು ಕಾಣುತ್ತವೆ; ಮೊಡವೆ, ಅನಗತ್ಯ ರೋಮ, ಬಿಸಿಲು ತಾಗಿದೊಡನೆ ಉರಿ ಕಾಣಿಸಿಕೊಳ್ಳುತ್ತವೆ. ಬಿಟ್ಟರೆ ಬಂಗು ಮರಳುತ್ತದೆ, ಬಿಡದಿದ್ದರೆ ಚರ್ಮ ಕೆಡುತ್ತದೆ. ಗರ್ಭಿಣಿಯರಿಗಂತೂ ಈ ಮಿಶ್ರಣ ಸಲ್ಲದು.

ಶೇ. 20ರ ಅಜೆಲಾಯಿಕ್ ಆಮ್ಲದ ಕ್ರೀಮು ನಿಧಾನಗತಿಯದು. ಮೂರರಿಂದ ಆರು ತಿಂಗಳ ತಾಳ್ಮೆ ಬೇಕು. ಆರಂಭದಲ್ಲಿ ತುಸು ಚುರುಗುಟ್ಟಬಹುದು. ಆದರೆ ಚರ್ಮವನ್ನು ತೆಳುವಾಗಿಸುವುದಿಲ್ಲ. ವೈದ್ಯರ ಸಲಹೆಯಂತೆ ಗರ್ಭಿಣಿಯರೂ ಬಳಸಬಹುದು. ಕೋಜಿಕ್ ಆಮ್ಲ ಸೌಮ್ಯವಾದರೂ ಕೆಲವರಿಗೆ ಒಗ್ಗದೆ ತುರಿಕೆಯಾಗುತ್ತದೆ.

ನಮ್ಮ ಪದ್ಧತಿಯಲ್ಲಿ ಜೇನಿನಲ್ಲಿ ತೇಯ್ದ ಮಂಜಿಷ್ಠ, ಹಾಲಿನಲ್ಲಿ ಅರೆದ ಚನ್ನಂಗಿಬೇಳೆ, ಕುಂಕುಮಾದಿ ತೈಲ ಪ್ರಸಿದ್ಧ. ಹೊಸ, ತೆಳು ಕಲೆಗಳಿಗೆ ಇವನ್ನು ಪ್ರಯತ್ನಿಸಬಹುದು. ಆಳಕ್ಕಿಳಿದ ಹಳೆಯ ಬಂಗನ್ನು ಇವುಗಳಿಂದಲೇ ಅಳಿಸುತ್ತೇನೆಂದು ವೈದ್ಯನಾದವನು ಭರವಸೆ ಕೊಡಬಾರದು. ಯಾವ ಲೇಪವನ್ನಾದರೂ ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡುವುದು ಲೇಸು. ನಿಂಬೆರಸ ಮಾತ್ರ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ.

ಬಿಸಿಲನ್ನು ತಡೆಯದೆ ಇವುಗಳಲ್ಲಿ ಯಾವುದೂ ಫಲಿಸದು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ನಿತ್ಯವೂ ಬೇಕು. ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ್ದಾದರೆ ಇನ್ನೂ ಉತ್ತಮ. ಹೊಲದಲ್ಲಿ ದುಡಿಯುವ ತಾಯಂದಿರಿಗೆ ತಲೆಯ ಸೆರಗು, ಅಗಲ ಅಂಚಿನ ಟೋಪಿ, ಕೊಡೆಗಳೂ ಔಷಧಿಯೇ.

ಮನೆಯಲ್ಲಿರುವ ಟ್ಯೂಬಿನ ಮೇಲಿನ ಹೆಸರುಗಳನ್ನು ಇಂದೇ ಓದಿರಿ. ಮೊಮೆಟಾಸೋನ್, ಫ್ಲೂಸಿನೊಲೋನ್, ಬೆಟಾಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಬಹುಕಾಲ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸದೆ, ಟ್ಯೂಬನ್ನು ಹಿಡಿದುಕೊಂಡೇ ಚರ್ಮವೈದ್ಯರ ಬಳಿಗೆ ಹೋಗಿರಿ.