ಮರೆವಿನ ರೋಗಕ್ಕೆ ಹಳೆ ಮಾತ್ರೆಗಳ ಹೊಸ ಜೋಡಿ

‘ಅರವತ್ತಕ್ಕೆ ಅರಳು ಮರಳು’ ಎಂದು ಹಿರಿಯರ ಮರೆವನ್ನು ನಕ್ಕು ಮರೆಯುವುದು ನಮ್ಮಲ್ಲಿ ರೂಢಿ. ಒಲೆಯ ಮೇಲಿನ ಹಾಲು ಉಕ್ಕಿ ಹೋದರೆ, ತಲೆಯ ಮೇಲೇ ಇರುವ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕಿದರೆ ಅದು ವಯಸ್ಸಿನ ಮಹಿಮೆ, ನಿಜ. ಆದರೆ ಮರ್ಫಿ ಟೌನಿನಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಹಲಸೂರು ಪೇಟೆಯಿಂದ ಮನೆಗೆ ಬರುವ ದಾರಿ ಮರೆತರೆ? ಹೆತ್ತ ಮಗಳನ್ನೇ ‘ನೀನು ಯಾರು?’ ಎಂದು ಕೇಳಿದರೆ? ಅದು ಅರಳು ಮರಳಲ್ಲ. ಡಿಮೆನ್ಷಿಯಾ ಎಂಬ ರೋಗ. ಅದರ ಅತಿ ಸಾಮಾನ್ಯ ರೂಪವೇ ಆಲ್ಜೈಮರ್ಸ್.

ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಚಿಕ್ಕ ಮನೆಗಳಲ್ಲಿ ಹಗಲಿರುಳು ಕಾಯುವ ಕೆಲಸ ಹೆಂಡತಿಯ, ಮಗಳ ಇಲ್ಲವೇ ಸೊಸೆಯ ಪಾಲಿಗೆ ಬರುತ್ತದೆ. ಅವರೆಲ್ಲರ ಪ್ರಶ್ನೆ ಒಂದೇ: ಇದಕ್ಕೊಂದು ಮಾತ್ರೆ ಇಲ್ಲವೇ?

ಹೊಸ ಮಾತ್ರೆಗೆ ಕಾಯುವ ಬದಲು, ಅಂಗಡಿಯಲ್ಲಿ ಆಗಲೇ ಇರುವ ಹಳೆಯ ಔಷಧಿಗಳನ್ನೇ ಜೋಡಿಸಿ ನೋಡಿದರೆ ಹೇಗೆ? ಜಗತ್ತಿನ ಹಲವು ಪ್ರಯೋಗಾಲಯಗಳು ಇಂದು ಈ ದಾರಿ ಹಿಡಿದಿವೆ. ಅದರ ಒಂದು ಮುಖ್ಯ ಗುರಿ, ಮಿದುಳಿನೊಳಗಿನ ಉರಿಯೂತ.

ಬೇಲಿಯೇ ಹೊಲ ಮೇಯ್ದಾಗ

ಇಲ್ಲಿ ಉರಿಯೂತವೆಂದರೆ ಮಿದುಳು ಜ್ವರವಲ್ಲ. ಜ್ವರವಿಲ್ಲ, ನೋವಿಲ್ಲ, ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಇರುತ್ತದೆ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ, ತೀರಿಕೊಂಡ ರೋಗಿಯೊಬ್ಬಳ ಮಿದುಳಿನಲ್ಲಿ ಎರಡು ವಿಚಿತ್ರಗಳನ್ನು ಕಂಡ: ನರಕೋಶಗಳ ಹೊರಗೆ ಗಂಟುಗಂಟಾದ ಕಸ, ಒಳಗೆ ಸಿಕ್ಕುಗಟ್ಟಿದ ಎಳೆಗಳು. ಕಸದ ಹೆಸರು ಅಮಿಲಾಯ್ಡ್, ಎಳೆಯದು ಟಾವ್. ಈ ಕಸ ಗುಡಿಸಲು ಮಿದುಳಿಗೆ ತನ್ನದೇ ಜಾಡಮಾಲಿಗಳಿವೆ. ಅವೇ ಮೈಕ್ರೋಗ್ಲಿಯಾ ಕೋಶಗಳು. ಸ್ಪೇನಿನ ಪಿಯೊ ಡೆಲ್ ರಿಯೊ ಹೋರ್ಟೆಗಾ 1919ರಲ್ಲಿ ಇವುಗಳಿಗೆ ಆ ಹೆಸರಿಟ್ಟ.

ಮೊದಮೊದಲು ಇವು ಕಸ ನುಂಗುತ್ತವೆ, ಕಾವಲು ಕಾಯುತ್ತವೆ. ಕಸ ಮುಗಿಯದೇ ಹೋದಾಗ ಕೆರಳಿ, ಉರಿ ಹುಟ್ಟಿಸುವ ರಾಸಾಯನಿಕಗಳನ್ನು ಚೆಲ್ಲುತ್ತ ಆರೋಗ್ಯವಂತ ನರಕೋಶಗಳನ್ನೂ ಸುಡತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಈ ಕೋಶಗಳ ಕೆಲಸಕ್ಕೆ ಬೇಕಾದ ಟ್ರೆಮ್2 ಎಂಬ ಜೀನ್‌ನಲ್ಲಿ ಒಂದು ಅಪರೂಪದ ದೋಷವಿದ್ದರೆ ಆಲ್ಜೈಮರ್ಸ್ ಅಪಾಯ ಸುಮಾರು ಮೂರು ಪಟ್ಟಾಗುತ್ತದೆಂದು 2012ರ ಕೊನೆಯಲ್ಲಿ ತಿಳಿದಾಗ, ಉರಿಯೂತ ರೋಗದ ನೆರಳಷ್ಟೇ ಅಲ್ಲ, ಅದರ ಬೇರುಗಳಲ್ಲೊಂದು ಎಂಬ ವಾದಕ್ಕೆ ಬಲ ಬಂತು.

ಕೀಲುನೋವಿನ ಮಾತ್ರೆ ಕೊಟ್ಟ ಸುಳಿವು

ಸುಳಿವು ಸಿಕ್ಕಿದ್ದು ಇನ್ನೂ ಹಿಂದೆ. ಕೆನಡಾದ ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಸಂಗಡಿಗರು 1990ರಲ್ಲಿ ಒಂದು ಸಂಗತಿ ಗಮನಿಸಿದರು. ಸಂಧಿವಾತಕ್ಕೆ ವರ್ಷಾನುಗಟ್ಟಲೆ ಮಾತ್ರೆ ನುಂಗಿದವರಲ್ಲಿ ಆಲ್ಜೈಮರ್ಸ್ ಕಡಿಮೆ! ಎರಡು ವರ್ಷಗಳ ನಂತರ, ಡ್ಯಾಪ್ಸೋನ್ ಸೇವಿಸುತ್ತಿದ್ದ ಜಪಾನಿನ ವಯಸ್ಸಾದ ಕುಷ್ಠರೋಗಿಗಳಲ್ಲೂ ಮರೆವಿನ ರೋಗ ಕಡಿಮೆಯೆಂಬ ವರದಿ ಬಂತು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸುಮಾರು ಏಳು ಸಾವಿರ ಜನರನ್ನು ಹಿಂಬಾಲಿಸಿದ ಅಧ್ಯಯನವೂ 2001ರಲ್ಲಿ ಇದೇ ಮಾತು ಹೇಳಿತು.

ಇನ್ನೇನು, ಮದ್ದು ಸಿಕ್ಕೇಬಿಟ್ಟಿತು ಎಂದುಕೊಂಡವರಿಗೆ ನಿರಾಸೆ ಕಾದಿತ್ತು. ಅಮೆರಿಕದಲ್ಲಿ 70 ದಾಟಿದ ಸುಮಾರು ಎರಡೂವರೆ ಸಾವಿರ ಜನರಿಗೆ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಇಲ್ಲವೇ ಬರೀ ಹುಸಿಮಾತ್ರೆ ಕೊಟ್ಟು ನೋಡಿದ ಪ್ರಯೋಗವನ್ನು, ಹೃದಯಕ್ಕೆ ಅಪಾಯವೆಂಬ ಶಂಕೆಯಿಂದ 2004ರ ಡಿಸೆಂಬರ್‌ನಲ್ಲಿ ನಿಲ್ಲಿಸಬೇಕಾಯಿತು. ಮರೆವಿಗೂ ಪ್ರಯೋಜನ ಕಾಣಲಿಲ್ಲ. ಸ್ಟೀರಾಯ್ಡ್ ಸೋತಿತು. ಬ್ರಿಟನ್ನಿನಲ್ಲಿ 544 ರೋಗಿಗಳ ಮೇಲೆ ಪರೀಕ್ಷಿಸಿದ ಮಿನೋಸೈಕ್ಲಿನ್ ಎಂಬ ಹಳೆಯ ಆಂಟಿಬಯಾಟಿಕ್ ಕೂಡ ಕೈಕೊಟ್ಟಿತೆಂದು 2020ರ ಹೊತ್ತಿಗೆ ಸ್ಪಷ್ಟವಾಯಿತು.

ಸೋತದ್ದೇಕೆ? ಕಾರಣಗಳು ಹಲವು ಇರಬಹುದು. ರೋಗಲಕ್ಷಣ ಕಾಣುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಕೆಂಡ ಹೊತ್ತಿರುತ್ತದೆ. ಮದ್ದು ತಡವಾಗಿ ಬರುತ್ತದೆ. ಎಷ್ಟೋ ಔಷಧಿಗಳು ರಕ್ತದಿಂದ ಮಿದುಳಿಗೆ ದಾಟುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಉರಿ ಹರಡುವ ದಾರಿ ಒಂದಲ್ಲ. ಒಂದು ಬಾಗಿಲು ಮುಚ್ಚಿದರೆ ಅದು ಇನ್ನೊಂದರಿಂದ ನುಗ್ಗುತ್ತದೆ.

ಒಂದಕ್ಕಿಂತ ಎರಡು

ಎರಡು ಬಾಗಿಲನ್ನೂ ಒಟ್ಟಿಗೆ ಮುಚ್ಚಿದರೆ? ಜೋಡಿ ಔಷಧಿಯ ತರ್ಕ ಇದು. ಹಳೆಯ ಔಷಧಿಗಳ ಗುಣ, ದೋಷ, ಪ್ರಮಾಣಗಳು ಗೊತ್ತಿರುವುದರಿಂದ ಕಾಲವೂ ಹಣವೂ ಉಳಿಯುತ್ತವೆ.

ಆಸ್ತಮಾದ ಕ್ರೋಮೋಲಿನ್ ಜೊತೆ ನೋವಿನ ಐಬುಪ್ರೊಫೆನ್ ಸೇರಿಸಿದ ಜೋಡಿಯೊಂದು ಮೂರನೇ ಹಂತದ ಮಾನವ ಪ್ರಯೋಗದವರೆಗೂ ಹೋಯಿತು. ಆದರೆ ಔಷಧಿಯಾಗಿ ಮಾರುಕಟ್ಟೆಗೆ ಬರಲಿಲ್ಲ. ರಕ್ತ ಕ್ಯಾನ್ಸರಿನ ಡಸಾಟಿನಿಬ್ ಜೊತೆ, ಈರುಳ್ಳಿಯಲ್ಲೂ ಇರುವ ಕ್ವೆರ್ಸೆಟಿನ್ ಸೇರಿಸಿ, ಮುದಿಯಾಗಿಯೂ ಸಾಯದೆ ಉರಿ ಹಚ್ಚುವ ಕೋಶಗಳನ್ನು ತೆಗೆಯುವ ಪ್ರಯತ್ನ ನಡೆದಿದೆ. 2023ರಲ್ಲಿ ಪ್ರಕಟವಾದ ಅದರ ಮೊದಲ ಪ್ರಯೋಗದಲ್ಲಿದ್ದವರು ಐದೇ ಮಂದಿ.

ದೊಡ್ಡ ಸುದ್ದಿ ಮಾಡಿದ್ದು 2025ರ ಜುಲೈನ ವರದಿ. ಕ್ಯಾಲಿಫೋರ್ನಿಯಾದ ಮರೀನಾ ಸಿರೋಟಾ ಮತ್ತು ಯಾಡಾಂಗ್ ಹುವಾಂಗ್ ತಂಡ, ರೋಗಪೀಡಿತ ಮಿದುಳಿನ ಕೋಶಗಳಲ್ಲಿ ಯಾವ ಜೀನ್‌ಗಳು ಹಾದಿ ತಪ್ಪಿವೆಯೆಂದು ಪಟ್ಟಿ ಮಾಡಿತು. ಅವನ್ನು ಮರಳಿ ಹಾದಿಗೆ ತರಬಲ್ಲವು ಯಾವುವೆಂದು 1,300 ಔಷಧಿಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿತು. 14 ಲಕ್ಷ ಹಿರಿಯರ ಆಸ್ಪತ್ರೆ ದಾಖಲೆಗಳೊಂದಿಗೆ ತಾಳೆ ನೋಡಿತು. ಕೊನೆಗೆ ಉಳಿದವು ಎರಡು: ಸ್ತನ ಕ್ಯಾನ್ಸರಿನ ಲೆಟ್ರೋಜೋಲ್ ನರಕೋಶಗಳಿಗೆ, ಕರುಳಿನ ಕ್ಯಾನ್ಸರಿನ ಐರಿನೋಟಿಕಾನ್ ಮೈಕ್ರೋಗ್ಲಿಯಾದಂಥ ಪೋಷಕ ಕೋಶಗಳಿಗೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಇಲಿಗಳ ನೆನಪು ಸುಧಾರಿಸಿತು.

ಇಲಿಗಳ ನೆನಪು, ಮನುಷ್ಯರದ್ದಲ್ಲ! ಐರಿನೋಟಿಕಾನ್ ತೀವ್ರ ಭೇದಿ ತರಬಲ್ಲದು, ಲೆಟ್ರೋಜೋಲ್ ಮೂಳೆ ಸವೆಸುತ್ತದೆ. ಎಂಬತ್ತರ ಅಜ್ಜಿಯ ಮೈ ಇದನ್ನು ತಾಳೀತೇ? ಸಕ್ಕರೆ ಕಾಯಿಲೆಯ ಸೆಮಾಗ್ಲುಟೈಡ್ ಉರಿಯೂತವನ್ನೂ ತಗ್ಗಿಸಿ ಮರೆವು ತಡೆದೀತೆಂಬ ಆಸೆಯೂ 2025ರ ನವೆಂಬರ್‌ನಲ್ಲಿ ಕಮರಿತು. 3,800ಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ರಕ್ತ ಮುಂತಾದ ಪರೀಕ್ಷೆಗಳ ಸೂಚಕಗಳು ಕೊಂಚ ಸುಧಾರಿಸಿದರೂ ರೋಗದ ಓಟ ನಿಧಾನವಾಗಲಿಲ್ಲ.

ಹಳೆ ಮದರಾಸು ರಸ್ತೆಯ ಆಚೆ ತುದಿ

ಕ್ಯಾಲಿಫೋರ್ನಿಯಾದ ದಾಖಲೆ ನಮ್ಮವರಿಗೆ ಹೊಂದೀತೇ ಎಂಬುದು ಇನ್ನೊಂದು ಪ್ರಶ್ನೆ. ಮರ್ಫಿ ಟೌನಿನ ಬಳಿ ಹಾಯುವ ಹಳೆ ಮದರಾಸು ರಸ್ತೆಯಲ್ಲೇ ಹೊಸಕೋಟೆ ದಾಟಿ ಕೋಲಾರ ಜಿಲ್ಲೆಗೆ ಹೋದರೆ ಉತ್ತರದ ತಯಾರಿ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು, ಮಾವಿನ ಸೀಮೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಅವರ ನೆನಪು, ರಕ್ತ, ಮಿದುಳಿನ ಚಿತ್ರ, ಎಲ್ಲದರ ಲೆಕ್ಕ ಇಡಲಾಗುತ್ತಿದೆ. ಇದು ಔಷಧಿಯ ಪರೀಕ್ಷೆಯಲ್ಲ. ಯಾರಿಗೆ, ಯಾವಾಗ ಕೆಂಡ ಹೊತ್ತುತ್ತದೆಂದು ತಿಳಿಯುವ ಯತ್ನ. ಅದು ತಿಳಿಯದೆ ಯಾವ ಜೋಡಿಯನ್ನೂ ಸಕಾಲಕ್ಕೆ ಕೊಡಲಾಗದು.

ಅಂಗಡಿಗೆ ಹೋಗುವ ಮುನ್ನ

ವೈದ್ಯರು ಇಂದು ಬರೆದುಕೊಡುವ ಡೊನೆಪೆಜಿಲ್–ಮೆಮಾಂಟಿನ್ ಕೂಡ ಜೋಡಿಯೇ. ಅದು ಲಕ್ಷಣಗಳನ್ನು ಕೆಲಕಾಲ ಹಗುರಗೊಳಿಸುತ್ತದೆ, ಉರಿಯನ್ನು ಆರಿಸುವುದಿಲ್ಲ. ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಯನ್ನು ‘ಮರೆವಿಗೂ ಆಗುತ್ತಂತೆ’ ಎಂದು ಹಿರಿಯರಿಗೆ ದಿನವೂ ಕೊಡುವುದಂತೂ ಅಪಾಯ. ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು, ರಕ್ತದೊತ್ತಡ ಏರಬಹುದು.

ಮೊದಲು ಬೇಕಾದದ್ದು ಸರಿಯಾದ ತಪಾಸಣೆ. ಬಿ12 ಕೊರತೆ, ಥೈರಾಯ್ಡ್ ದೋಷ, ತಲೆಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ, ಖಿನ್ನತೆ ಇವೂ ಮರೆವಿನ ವೇಷ ಹಾಕುತ್ತವೆ; ಇವನ್ನು ಗುಣಪಡಿಸಬಹುದು. ಸಲಹೆಗೆ ನಿಮ್ಹಾನ್ಸ್ ಇದೆ. ಕಸ್ತೂರಿನಗರದ ನೈಟಿಂಗೇಲ್ಸ್ ಕೇಂದ್ರ ಮರ್ಫಿ ಟೌನಿಗೆ ದೂರವೇನಲ್ಲ.

ರಕ್ತದೊತ್ತಡ, ಸಕ್ಕರೆ, ಕಿವುಡು, ಧೂಮಪಾನ, ಒಂಟಿತನ ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯವಾದೀತೆಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ. ಜೋಡಿ ಮಾತ್ರೆ ಎಂದಾದರೂ ಬರಲಿ. ಅಲ್ಲಿಯವರೆಗೆ ನಲವತ್ತರಲ್ಲೇ ಬಿಪಿ ನೋಡಿಸಿಕೊಳ್ಳುವುದು, ಕಿವಿ ಮಂದವಾದ ಅಜ್ಜನಿಗೊಂದು ಶ್ರವಣಯಂತ್ರ ಕೊಡಿಸುವುದು ಯಾವ ಪ್ರಯೋಗಾಲಯಕ್ಕೂ ಕಾಯಬೇಕಾಗಿಲ್ಲ.