ಮೂರನೆಯ ಸ್ಥಾನ ಪಡೆದ ವಿರಹಗೀತೆ

ಲ್ಯಾಟಿನ್ ಅಮೆರಿಕದಲ್ಲಿ ‘ಬಲಾದಾ’ ಎಂದು ಕರೆಯಲಾಗುವ ಪ್ರೇಮ–ವಿರಹಗಳ ಜನಪ್ರಿಯ ಗೀತೆಗೆ ಬೊಲೆರೊ ಎಂಬ ಹಿರಿಯ ಪರಂಪರೆಯೊಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕ್ಯೂಬಾದ ಸಾಂತಿಯಾಗೊ ನಗರದ ಗಿಟಾರ್ ಗಾಯಕರು ರೂಪಿಸಿದ ಈ ವಿಳಂಬಗತಿಯ ಹಾಡು ಮೆಕ್ಸಿಕೊವನ್ನು ತಲುಪಿ, 1930ರಲ್ಲಿ ಅಲ್ಲಿ ಪ್ರಸಾರ ಆರಂಭಿಸಿದ ಎಕ್ಸ್‌ಇಡಬ್ಲ್ಯು ರೇಡಿಯೊ ಕೇಂದ್ರ ಹಾಗೂ ಅಗುಸ್ತಿನ್ ಲಾರಾನಂತಹ ರಚನಕಾರರ ಮೂಲಕ ಮನೆಮಾತಾಯಿತು. 1960ರ ದಶಕದಲ್ಲಿ ಯುರೋಪಿನ ಜನಪ್ರಿಯ ಗೀತೆಗಳ ಮತ್ತು ರಾಕ್ ಸಂಗೀತದ ಪ್ರಭಾವಕ್ಕೆ ಒಳಗಾಗಿ, ಎರಡು–ಮೂರು ಗಿಟಾರ್‌ಗಳ ಜಾಗದಲ್ಲಿ ಪಿಟೀಲುಗಳ ದೊಡ್ಡ ವಾದ್ಯವೃಂದವನ್ನು ತಂದುಕೊಂಡಾಗ ಬಲಾದಾ ತನ್ನದೇ ಆದ ರೂಪವನ್ನು ಪಡೆಯಿತು.

ಈ ಪ್ರಕಾರದ ಶಕ್ತಿಯನ್ನು ಅರಿಯಲು ‘ಎಲ್ ತ್ರಿಸ್ತೆ’, ಅಂದರೆ ‘ದುಃಖಿತ’, ಎಂಬ ಒಂದೇ ಹಾಡು ಸಾಕು. ಇದರ ರಚನಕಾರ ರೊಬೆರ್ತೊ ಕಾಂತೊರಾಲ್ ಸ್ವತಃ ಬೊಲೆರೊ ಹಾಡುವ ಮೂವರ ತಂಡವೊಂದರಲ್ಲಿ ಇದ್ದವನು. ‘ಎಲ್ ರೆಲೊಹ್’ ಎಂಬ ಪ್ರಸಿದ್ಧ ಬೊಲೆರೊ ಅವನದೇ. 1970ರ ಮಾರ್ಚ್‌ನಲ್ಲಿ ಮೆಕ್ಸಿಕೊ ನಗರದಲ್ಲಿ ನಡೆದ ಲ್ಯಾಟಿನ್ ಗೀತೆಗಳ ಸ್ಪರ್ಧೆಯಲ್ಲಿ ‘ಎಲ್ ತ್ರಿಸ್ತೆ’ಯನ್ನು ಹಾಡಿದವನು, ಅಪೆರಾ ಗಾಯಕನೊಬ್ಬನ ಮಗನೂ ಆಗಷ್ಟೇ ಇಪ್ಪತ್ತೆರಡು ತುಂಬಿದವನೂ ಆಗಿದ್ದ ಹೋಸೆ ಹೋಸೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದರೂ ತೀರ್ಪುಗಾರರು ಅವನಿಗೆ ಕೊಟ್ಟದ್ದು ಮೂರನೆಯ ಸ್ಥಾನ. ಆ ತೀರ್ಪಿನಿಂದಲೇ ಇಂದು ಆ ಸ್ಪರ್ಧೆ ನೆನಪಿನಲ್ಲಿ ಉಳಿದಿದೆ ಎಂದರೆ ತಪ್ಪಾಗದು.

ಹಾಡಿನ ಸಾಹಿತ್ಯದಲ್ಲಿ ಅಂಥ ಹೊಸತೇನೂ ಇಲ್ಲ; ಅಗಲಿಕೆ, ಒಂಟಿತನ, ಬಣ್ಣಗೆಟ್ಟ ಲೋಕ ಇವೆಲ್ಲ ವಿರಹಕಾವ್ಯದ ಹಳೆಯ ಸಾಮಗ್ರಿಗಳೇ. ಕೇಳುಗರನ್ನು ಕಟ್ಟಿಹಾಕುವುದು ಹಾಡಿನ ರಚನೆ ಮತ್ತು ಗಾಯಕನ ಉಸಿರಿನ ಹಿಡಿತ. ಕೆಳಗಿನ ಸ್ವರಗಳಲ್ಲಿ, ಬಹುತೇಕ ಮಾತಿನಂತೆ ಆರಂಭವಾಗುವ ಗಾಯನವು ವಾದ್ಯವೃಂದ ತುಂಬಿಕೊಳ್ಳುತ್ತ ಹೋದಂತೆ ಮೇಲೇರಿ, ಉಸಿರು ಮುರಿಯಬಹುದೆಂದು ಕೇಳುಗರು ನಿರೀಕ್ಷಿಸುವಲ್ಲಿ ಮುರಿಯದೆ ನೀಳವಾದ ಸಾಲುಗಳನ್ನು ಒಂದೇ ಎಳೆಯಲ್ಲಿ ಮುಂದಕ್ಕೊಯ್ಯುತ್ತದೆ. ಬಿಕ್ಕುವವನ ಉಸಿರು ಹಿಡಿತದಲ್ಲಿರುವುದಿಲ್ಲ, ಆದರೆ ಇಲ್ಲಿ ಬಿಕ್ಕಳಿಕೆಯ ಭಾವವೂ ಅಚಲವಾದ ಉಸಿರೂ ಒಟ್ಟಿಗೇ ಇರುತ್ತವೆ. ಶೋಕದ ಪ್ರದರ್ಶನಕ್ಕಿಂತ ಶೋಕದ ಸಂಯಮವೇ ಹೆಚ್ಚು ಕಲಕುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಆ ಪ್ರಕಾರದಲ್ಲಿ ದೊರೆಯುವುದು ಕಷ್ಟ.

ಮೆಕ್ಸಿಕೊದ ಇನ್ನೊಂದು ಜನಪ್ರಿಯ ಪ್ರಕಾರವಾದ, ಗ್ರಾಮೀಣ ಹಿನ್ನೆಲೆಯ ರಾಂಚೆರಾ ಗೀತೆಗಳಲ್ಲಿ ಪ್ರೇಮದಲ್ಲಿ ಸೋತ ಗಂಡಸು ಅನೇಕ ಸಲ ಮದ್ಯದ ಮೊರೆಹೋಗಿ, ಕೂಗಿ, ತನ್ನ ನೋವಿಗೆ ಪೌರುಷದ ವೇಷ ತೊಡಿಸುತ್ತಾನೆ. ನಗರದ ಬಲಾದಾ ಗಾಯಕನಾದರೋ ಸೂಟು ತೊಟ್ಟು, ಮೈಕಿನ ಮುಂದೆ ನಿಂತು, ತಾನು ಸೋತೆನೆಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ಈ ಹಾಡುಗಳನ್ನು ಅಗ್ಗದ ಭಾವುಕತೆಯೆಂದು ಜರೆದವರು ಕಡಿಮೆಯೇನಿಲ್ಲ, ಮತ್ತು ಸಿದ್ಧಮಾದರಿಯಲ್ಲಿ ತಯಾರಾದ ನೂರಾರು ಬಲಾದಾಗಳ ಮಟ್ಟಿಗೆ ಆ ಆಕ್ಷೇಪ ನ್ಯಾಯವೂ ಹೌದು. ಆದರೆ 1998ರಲ್ಲಿ ರಾಕ್ ಸಂಗೀತಗಾರರೇ ಸೇರಿ ಹೋಸೆ ಹೋಸೆಯ ಗೀತೆಗಳನ್ನು ಹಾಡಿ ಗೌರವದ ಆಲ್ಬಮ್ ಹೊರತಂದದ್ದನ್ನು ನೋಡಿದರೆ, ಮುಂದಿನ ಪೀಳಿಗೆ ಆ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಲಿಲ್ಲವೆಂಬುದು ತಿಳಿಯುತ್ತದೆ.

ಮದ್ಯವ್ಯಸನ ಮತ್ತು ಕಾಯಿಲೆಗಳಿಂದ ಕೊನೆಯ ವರ್ಷಗಳಲ್ಲಿ ಕಂಠವನ್ನೇ ಕಳೆದುಕೊಂಡ ಹೋಸೆ ಹೋಸೆ 2019ರಲ್ಲಿ ನಿಧನನಾದ. ಅವನ ಬಲಾದಾಗಳ ಹಿಂದಿದ್ದ ಹಿರಿಯ ಪರಂಪರೆಗೂ ಮನ್ನಣೆ ದೊರೆಯಿತು: 2023ರಲ್ಲಿ ಯುನೆಸ್ಕೊ ಕ್ಯೂಬಾ ಮತ್ತು ಮೆಕ್ಸಿಕೊಗಳ ಬೊಲೆರೊವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪ್ಯಾನಿಷ್ ಬಾರದ ಓದುಗರೂ 1970ರ ಆ ಸ್ಪರ್ಧೆಯ ದೃಶ್ಯಮುದ್ರಣದಿಂದಲೇ ಬಲಾದಾದ ಪರಿಚಯವನ್ನು ಆರಂಭಿಸಬಹುದು.