ನಾಲ್ಕು ಗಳಿಗೆಯ ಜಲಪಾತ

ಜಲಪಾತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಲೆನಾಡು. ಜೋಗದ ಹೆಸರನ್ನು ಕೇಳದ ವಿದ್ಯಾರ್ಥಿಯು ಕನ್ನಡ ನಾಡಿನಲ್ಲಿ ಇರಲಾರನು. ಆದರೆ ಬಿಸಿಲಿಗೆ ಹೆಸರಾದ ರಾಯಚೂರು ಜಿಲ್ಲೆಯಲ್ಲಿಯೂ ಜಲಪಾತಗಳುಂಟು ಎಂದರೆ ಕೇಳಿದವರು ನಕ್ಕಾರು. ಅವರ ನಗೆಗೆ ಕಾರಣವಿಲ್ಲದೆ ಇಲ್ಲ. ಅಲ್ಲಿಯ ಜಲಪಾತಗಳು ವರ್ಷದ ಬಹುಭಾಗ ಕಣ್ಣಿಗೆ ಕಾಣುವುದೇ ಇಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಎಂಬ ಊರಿದೆ. ಊರಿಗೆ ತಾಗಿದಂತೆ ಎದ್ದಿರುವ ಕಲ್ಲುಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿಯಿದೆ. ಏಪ್ರಿಲ್ ತಿಂಗಳಿನಲ್ಲಿ ಈ ಬೆಟ್ಟದ ಬುಡದಲ್ಲಿ ನಿಂತು ನೋಡಿದರೆ ಕಾದ ಬಂಡೆಗಳ ಹೊರತು ಬೇರೇನೂ ಕಾಣದು. ಇಂತಹ ಬಂಡೆಗಳ ಇಳಿಜಾರಿನ ಮೇಲೆ ಮೇಲಿನಿಂದ ಯಾರೋ ಮಸಿ ಸುರಿದಂತೆ ಕಪ್ಪು ಗೆರೆಗಳು ಇಳಿದಿರುವುದುಂಟು. ಈ ಗೆರೆಗಳೇ ನಮ್ಮ ಜಲಪಾತದ ವಿಳಾಸ!

ಈ ಕಪ್ಪು ಬಣ್ಣವು ಬಹುಮಟ್ಟಿಗೆ ಜೀವಿಗಳದು. ನೀಲಿ-ಹಸಿರು ಪಾಚಿಗಳೆಂದು ವಾಡಿಕೆಯಲ್ಲಿ ಕರೆಯುವ ಸಯನೊಬ್ಯಾಕ್ಟೀರಿಯಗಳು ಮಳೆನೀರು ಮತ್ತೆ ಮತ್ತೆ ಹರಿಯುವ ಜಾಡಿನಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುತ್ತವೆ. ಬೇಸಗೆಯಲ್ಲಿ ಅವು ಒಣಗಿ ಜಡವಾಗಿರುತ್ತವೆ. ಅವುಗಳ ಮೈಯಲ್ಲಿರುವ ಗಾಢವರ್ಣದ ವಸ್ತುವು ಸೂರ್ಯನ ಅತಿನೇರಳೆ ಕಿರಣಗಳಿಂದ ಅವನ್ನು ಕಾಪಾಡುತ್ತದೆ. ನೀರು ತಗಲಿದೊಡನೆ ಅವು ಪುನಃ ಚೇತರಿಸಿಕೊಳ್ಳುತ್ತವೆ. ಆದುದರಿಂದ ನೀರಿಲ್ಲದ ಕಾಲದಲ್ಲಿಯೂ ನೀರಿನ ದಾರಿಯನ್ನು ಬಂಡೆಯ ಮೇಲೆ ಓದಿಕೊಳ್ಳಬಹುದು.

ಇನ್ನು ನೀರು ಬರುವ ಬಗೆಯನ್ನು ನೋಡೋಣ. ಈ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಘಟ್ಟವನ್ನು ಏರುವಾಗಲೇ ತಮ್ಮ ನೀರಿನ ಬಹುಭಾಗವನ್ನು ಸುರಿಸಿಬಿಡುತ್ತವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಅದರಲ್ಲಿಯೂ ಸೆಪ್ಟೆಂಬರ್ ತಿಂಗಳ ಪಾಲೇ ಹೆಚ್ಚು. ಮಲೆನಾಡಿನಂತೆ ದಿನಗಟ್ಟಲೆ ಜಿನುಗುವ ಮಳೆ ಇಲ್ಲಿ ಅಪರೂಪ. ಸಂಜೆಯ ಹೊತ್ತಿಗೆ ಗುಡುಗು ಸಿಡಿಲುಗಳೊಡನೆ ಬಂದು ಒಂದೆರಡು ಗಂಟೆಗಳಲ್ಲಿ ಸುರಿದು ಹೋಗುವ ಮಳೆಯೇ ಹೆಚ್ಚು.

ಇಂತಹ ಮಳೆ ಬಂಡೆಯ ಮೇಲೆ ಬಿದ್ದರೆ ಏನಾಗುತ್ತದೆ? ಒಂದು ಲೆಕ್ಕ ಹಾಕೋಣ. ಒಂದು ಹೆಕ್ಟೇರು ಎಂದರೆ 10,000 ಚದರ ಮೀಟರು. ಅದರ ಮೇಲೆ 25 ಮಿಲಿಮೀಟರು ಮಳೆಯಾದರೆ ಬಿದ್ದ ನೀರು 2,50,000 ಲೀಟರು. ಬೆಟ್ಟದ ಒಂದು ಕೊರಕಲಿಗೆ 4 ಹೆಕ್ಟೇರು ಬಂಡೆಯ ನೀರು ಇಳಿದು ಬರುವುದೆಂದು ಭಾವಿಸಿದರೆ ಒಟ್ಟು 10 ಲಕ್ಷ ಲೀಟರಾಯಿತು. ಬಿರುಕುಗಳಲ್ಲಿ ಇಂಗಿ, ದೊಣೆಗಳಲ್ಲಿ ನಿಂತು ಐದರಲ್ಲೊಂದು ಪಾಲು ಕಳೆದರೂ 8 ಲಕ್ಷ ಲೀಟರು ಉಳಿಯುತ್ತದೆ. ಅದು ನಾಲ್ಕು ಗಳಿಗೆಗಳಲ್ಲಿ, ಎಂದರೆ 96 ನಿಮಿಷಗಳಲ್ಲಿ, ಕೆಳಗಿಳಿದರೆ ಸೆಕೆಂಡಿಗೆ ಸುಮಾರು 140 ಲೀಟರು ನೀರು ಧುಮುಕಬೇಕಾಗುತ್ತದೆ. ಸೆಕೆಂಡಿಗೆ ಒಂಬತ್ತು ಹತ್ತು ಕೊಡ ನೀರು! ಒಣ ಬಂಡೆಯ ಮೇಲೆ ಕ್ಷಣಾರ್ಧದಲ್ಲಿ ಹುಟ್ಟುವ ಬಿಳಿಯ ಧಾರೆಯ ರಹಸ್ಯವು ಇಷ್ಟೇ.

ಹುಟ್ಟಿದಷ್ಟೇ ಬೇಗ ಅದು ಸಾಯುವುದೇಕೆ? ಮಲೆನಾಡಿನಲ್ಲಿ ಬಿದ್ದ ನೀರನ್ನು ಕಾಡಿನ ತರಗೆಲೆ, ಬೇರು ಹಾಗೂ ಆಳವಾದ ಮಣ್ಣು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಮಸ್ಕಿಯ ಸುತ್ತಲಿನ ಗ್ರಾನೈಟು ಮತ್ತು ನೈಸ್ ಶಿಲೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಅವುಗಳಲ್ಲಿ ಸೀಳುಗಳುಂಟೇ ಹೊರತು ನೀರನ್ನು ಹಿಡಿದಿಡುವ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಜಲಪಾತದ ಆಯುಷ್ಯವು ಮಳೆಯ ಪ್ರಮಾಣವೊಂದನ್ನೇ ಅವಲಂಬಿಸಿಲ್ಲ. ಅದರ ಬೆನ್ನಿಗಿರುವ ಸಂಗ್ರಹವನ್ನೂ ಅವಲಂಬಿಸಿದೆ.

ಈ ಮಾತನ್ನು ಇದೇ ಸೀಮೆಯಲ್ಲಿ ಪರೀಕ್ಷಿಸಿ ನೋಡಬಹುದು. ಲಿಂಗಸುಗೂರು ತಾಲ್ಲೂಕಿನ ಗೋಲಪಲ್ಲಿಯ ಬಳಿ ಗುಂಡಲಬಂಡ ಎಂಬಲ್ಲಿ ಮಳೆಗಾಲದ ಜಲಪಾತವೊಂದಿದೆ. ಬೆಟ್ಟದ ಧಾರೆಗೆ ಬರಿಯ ಬಂಡೆಯೇ ಮೂಲವಾದರೆ ಇಂತಹ ಹಳ್ಳದ ಜಲಪಾತಕ್ಕೆ ಹೊಲ, ಕುರುಚಲು ಕಾಡು, ಮಣ್ಣು ಎಲ್ಲವೂ ಸೇರಿದ ದೊಡ್ಡ ಜಲಾನಯನ ಪ್ರದೇಶವಿರುತ್ತದೆ. ಮೊದಲ ಮಳೆಗಳಿಗೆ ಅದು ಎಚ್ಚರಗೊಳ್ಳುವುದಿಲ್ಲ. ಬೇಸಗೆಯಲ್ಲಿ ಬಾಯಿಬಿಟ್ಟ ಎರೆ ಭೂಮಿಯು ಬಿದ್ದ ನೀರನ್ನೆಲ್ಲ ನುಂಗಿಬಿಡುತ್ತದೆ. ನೆನೆದ ಜೇಡಿಯು ಉಬ್ಬಿ ಬಿರುಕುಗಳು ಮುಚ್ಚಿದ ಮೇಲೆಯೇ ನೀರು ಹಳ್ಳದ ದಾರಿ ಹಿಡಿಯುವುದು. ಆದರೆ ಒಮ್ಮೆ ಹಿಡಿಯಿತೆಂದರೆ ದಿನಗಟ್ಟಲೆ ಹರಿಯುತ್ತದೆ.

ಇನ್ನೂ ದೊಡ್ಡ ಉದಾಹರಣೆಯು ಅದೇ ತಾಲ್ಲೂಕಿನ ಜಲದುರ್ಗದ ಬಳಿ ಕಾಣುವ ಕೃಷ್ಣಾ ನದಿ. ದಖ್ಖನಿನ ಪ್ರಸ್ಥಭೂಮಿಯಿಂದ ರಾಯಚೂರಿನ ಬಯಲಿಗೆ ಇಳಿಯುವಾಗ ನದಿಯು ಸುಮಾರು 3 ಮೈಲಿಗಳಲ್ಲಿ 408 ಅಡಿ ಕೆಳಗಿಳಿಯುತ್ತದೆಂದು ಹಳೆಯ ಗೆಜೆಟಿಯರುಗಳು ಹೇಳಿವೆ. ಅಲ್ಲಿ ಭೋರ್ಗರೆಯುವುದು ದೂರದ ಸಹ್ಯಾದ್ರಿಯ ಮಳೆ. ಮೇಲ್ಗಡೆಯ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡ ಮೇಲೆ ಆ ಭೋರ್ಗರೆತವು ಅಣೆಕಟ್ಟಿನ ಬಾಗಿಲುಗಳಿಗೂ ಅಧೀನವಾಯಿತು. ಹೀಗೆ ಬೆಟ್ಟದ ಧಾರೆಗೆ ಗಳಿಗೆಗಳ, ಹಳ್ಳಕ್ಕೆ ದಿನಗಳ, ನದಿಗೆ ತಿಂಗಳುಗಳ ಆಯುಷ್ಯವುಂಟು.

ಇಂತಹ ಜಲಪಾತವನ್ನು ನೋಡಲು ನಡೆದು ಹೋಗುವವರು ಈ ತತ್ತ್ವವನ್ನು ಮರೆಯಬಾರದು. ಬೇಗ ಬರುವ ನೀರು ಬೇಗ ಕೊಲ್ಲಲೂ ಬಲ್ಲದು. ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಮಳೆಯಾಗಿದ್ದರೆ, ಅಥವಾ ಜಲಾಶಯದ ಬಾಗಿಲು ತೆರೆದಿದ್ದರೆ, ಒಣ ಹಳ್ಳವು ನೋಡುನೋಡುತ್ತಿರುವಂತೆಯೇ ತುಂಬಬಹುದು. 2020ರ ಅಕ್ಟೋಬರಿನಲ್ಲಿ ಮಸ್ಕಿಯ ಹಳ್ಳವು ಉಕ್ಕಿದಾಗ ನಡುನೀರಿನಲ್ಲಿ ಸಿಲುಕಿದ ಒಬ್ಬನು ರಕ್ಷಣೆಯ ಪ್ರಯತ್ನ ನಡೆಯುತ್ತಿರುವಾಗಲೇ ಕೊಚ್ಚಿಹೋದನು. ನೀರಿನ ವೇಗವು ಎರಡರಷ್ಟಾದರೆ ಅದು ಕಾಲಿಗೆ ಕೊಡುವ ನೂಕು ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದದ ನೀರೆಂದು ಉದಾಸೀನ ಮಾಡುವಂತಿಲ್ಲ. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಕಸಕಡ್ಡಿಗಳು ತೇಲಿಬಂದರೆ, ಕೂಡಲೇ ದಡ ಸೇರಬೇಕು. ಕಪ್ಪು ಗೆರೆಯಿರುವ ಬಂಡೆಯು ನೆನೆದಾಗ ಪಾಚಿಯಿಂದ ಬಲು ಜಾರುವುದಾದ್ದರಿಂದ ಅದರ ಮೇಲೆ ಕಾಲಿಡಬಾರದು. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದು ತಿಳಿದು ಬೆಟ್ಟದ ನೆತ್ತಿಯನ್ನು ಬಿಡಬೇಕು. ಮಳೆ ನಿಂತು ಆಕಾಶ ತಿಳಿಯಾದ ಮೇಲೆ ದೂರದಿಂದ ನೋಡಿದರೂ ಜಲಪಾತದ ಸೊಬಗಿಗೆ ಕೊರತೆಯಿಲ್ಲ.

ಮಸ್ಕಿಗೆ ಹೋದವರು ಅಲ್ಲಿಯ ಅಶೋಕನ ಶಾಸನವನ್ನೂ ನೋಡಿಬರಬೇಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಅದನ್ನು ಕಂಡುಹಿಡಿದನು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳಿದ್ದುವು. ಅಶೋಕನೆಂಬ ಹೆಸರು ಸ್ಪಷ್ಟವಾಗಿ ದೊರೆತದ್ದು ಇದರಲ್ಲಿಯೇ. ಸುಮಾರು 2,200 ವರ್ಷಗಳ ಈ ಅಕ್ಷರಗಳು ಉಳಿದುಬರಲು ಬಂಡೆಯ ಗಟ್ಟಿತನವು ನೆರವಾಗಿದೆ. ನೀರನ್ನು ಹಿಡಿದಿಡದ ಆ ಕಲ್ಲು ಬರಹವನ್ನು ಹಿಡಿದಿಟ್ಟಿದೆ.

ಹಿಂದಿರುಗುವಾಗ ಸಿಂಧನೂರಿನ ಕಡೆ ಹಸಿರು ಗದ್ದೆಗಳು ಕಾಣುತ್ತವೆ. ಅವುಗಳಲ್ಲಿ ನಿಂತಿರುವುದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ಬಹುಮಟ್ಟಿಗೆ ಮಲೆನಾಡಿನ ಮಳೆ. ಕಾಲುವೆ ಮುಟ್ಟದ ಹೊಲಗಳಿಗಾದರೋ ಇಲ್ಲಿಯೇ ಬಿದ್ದ ಮಳೆಯೇ ಗತಿ. ಅದರಲ್ಲಿ ಎಷ್ಟು ಓಡಿಹೋಗುತ್ತದೆ, ಎಷ್ಟನ್ನು ಕೆರೆ ಒಡ್ಡುಗಳಲ್ಲಿ ತಡೆಯಬಹುದು ಎಂಬುದು ಅಲ್ಲಿಯ ರೈತನ ಬಾಳಿನ ಪ್ರಶ್ನೆ.

ಇದನ್ನು ಅರಿಯಲು ವಿದ್ಯಾರ್ಥಿಗಳು ತಾವೇ ಒಂದು ಪ್ರಯೋಗ ಮಾಡಬಹುದು. ನೇರವಾದ ಗೋಡೆಗಳುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು ಮಳೆಯನ್ನು ಅಳೆಯಿರಿ. ಮಳೆ ನಿಂತ ವೇಳೆಯನ್ನೂ, ಬೆಟ್ಟದ ಧಾರೆ ನಿಂತ ವೇಳೆಯನ್ನೂ ಬರೆದಿಡಿ. ಒಂದು ಮಳೆಗಾಲದ ಟಿಪ್ಪಣಿಗಳು ಸೇರಿದರೆ ನಿಮ್ಮ ಊರಿನ ಬೆಟ್ಟವು ಎಷ್ಟು ನೀರನ್ನು ಎಷ್ಟು ಹೊತ್ತು ತಡೆದಿಡುತ್ತದೆಂಬುದು ನಿಮಗೆ ತಿಳಿಯತೊಡಗುತ್ತದೆ.